ಮುಕ್ತಿಸದನದ ತಾಯಿ ಪಂಡಿತಾ ರಮಾಬಾಯಿ

ಕನ್ನಡನಾಡಿನಲ್ಲಿ ಹುಟ್ಟಿ ಹೊರನಾಡಿನಲ್ಲಿ ಕೀರ್ತಿ ಪಡೆದ ಮಹನೀಯರನ್ನು ರಾಜ್ಯೋತ್ಸವದ ಸಮಯದಲ್ಲಿ ನಾವು ಅಭಿಮಾನದಿಂದ ನೆನೆಯುತ್ತೇವೆ. ಆ ಸಾಲಿನಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ಕೇಳಿಬರುವುದು ವಿರಳ. ಅವರ ಮನೆಮಾತು ಮರಾಠಿ, ಕಾರ್ಯಕ್ಷೇತ್ರ ಮಹಾರಾಷ್ಟ್ರ, ಸ್ವೀಕರಿಸಿದ ಮತ ಕ್ರೈಸ್ತ. ಆದರೂ 1858ರ ಏಪ್ರಿಲ್ 23ರಂದು ಅವರು ಜನಿಸಿದ್ದು ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಅವರು ಬಲ್ಲ ಭಾಷೆಗಳಲ್ಲಿ ಕನ್ನಡವೂ ಒಂದು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿ ಜನರ ಆಕ್ಷೇಪಕ್ಕೆ ಗುರಿಯಾದವರು. ತಾಯಿ ಲಕ್ಷ್ಮೀಬಾಯಿಯವರು ಅದೇ ವಿದ್ಯೆಯನ್ನು ಮಗಳಿಗೆ ಧಾರೆಯೆರೆದರು. ಬಂದ ಶಿಷ್ಯರಿಗೂ ಯಾತ್ರಿಕರಿಗೂ ಅನ್ನವಿಕ್ಕಿ ಕೈ ಬರಿದಾದ ಮೇಲೆ ಶಾಸ್ತ್ರಿಗಳು ಪುರಾಣ ಹೇಳುತ್ತ, ಸಂಸಾರಸಮೇತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಬೇಕಾಯಿತು. ಅಷ್ಟರಲ್ಲಿ ಬರಗಾಲ ಬಂತು. ಕಾಡಿನ ಎಲೆ ತಿಂದು, ನೀರು ಕುಡಿದು ದಿನ ಕಳೆದ ಆ ಕುಟುಂಬದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಾಯಿಯ ಶವ ಹೊರಲು ಜನ ಸಾಲದೆ ರಮಾಬಾಯಿಯೂ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ ಹುಡುಗಿ ಚಟ್ಟದ ಒಂದು ತುದಿಯನ್ನು ತಲೆಯ ಮೇಲೆ ಹೊತ್ತಳು.

ಉಳಿದವನು ಅಣ್ಣ ಶ್ರೀನಿವಾಸ ಒಬ್ಬನೇ. 1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆ ಸೇರಿದರು. ಅಲ್ಲಿಯ ವಿದ್ವಾಂಸರು ಈ ಯುವತಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿಯ ಕಟ್ಟು ಮೀರಿದ ವಿವಾಹ, 1881ರಲ್ಲಿ ಮಗಳು ಮನೋರಮೆಯ ಜನನ, 1882ರಲ್ಲಿ ಪತಿವಿಯೋಗ. ಕೂಸನ್ನೆತ್ತಿಕೊಂಡು ಪುಣೆಗೆ ಬಂದ ವಿಧವೆ ಆರ್ಯ ಮಹಿಳಾ ಸಮಾಜ ಕಟ್ಟಿ, ಮರುವರ್ಷ ಇಂಗ್ಲೆಂಡಿಗೆ ಹೊರಟರು.

ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಆಶ್ರಮವನ್ನು ಅವರು ಕಂಡರು. ಸಮಾಜ ಪತಿತೆಯರೆಂದು ದೂರವಿಟ್ಟ ಹೆಂಗಸರಿಗೆ ಅಲ್ಲಿ ಆಶ್ರಯವಿತ್ತು. ಆಶ್ರಯ ಪಡೆದವರಲ್ಲಿ ಕೆಲವರು ಈಗ ತಾವೇ ರೋಗಿಗಳ, ದುರ್ಬಲರ ಸೇವೆಗೆ ನಿಂತಿದ್ದರು. ಈ ಮಾರ್ಪಾಟು ಹೇಗಾಯಿತೆಂದು ವಿಚಾರಿಸಿದಾಗ ಆ ಸನ್ಯಾಸಿನಿಯರು ಸಮಾರ್ಯದ ಹೆಂಗಸನ್ನು ಕ್ರಿಸ್ತನು ಕಂಡ ಕಥೆಯನ್ನು ತಿಳಿಸಿದರು. 1883ರ ಸೆಪ್ಟೆಂಬರಿನಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ರಮಾಬಾಯಿಯವರ ಮುಂದಿನ ಬಾಳಿಗೆಲ್ಲ ಮೂಲಸೂತ್ರ ಇಲ್ಲಿಯೇ ದೊರೆಯಿತೆಂದು ನಾವು ತಿಳಿಯುತ್ತೇವೆ. ನೆರವು ಪಡೆದವನನ್ನು ನೆರವು ನೀಡುವವನನ್ನಾಗಿ ಮಾಡದ ಧರ್ಮ ಅರೆಯಾದ ಧರ್ಮ.

ಅಮೆರಿಕೆಯಲ್ಲಿ ಹಣ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ಆರಂಭಿಸಿದರು. ಮರುವರ್ಷ ಅದು ಪುಣೆಗೆ ಬಂತು. ವಿದ್ಯಾರ್ಥಿನಿಯರ ಮೇಲೆ ಕ್ರೈಸ್ತಮತದ ಪ್ರಭಾವ ಬೀಳುತ್ತಿದೆಯೆಂಬ ಆಕ್ಷೇಪವೆದ್ದು, 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿತೈಷಿಗಳೇ ಸಲಹಾಮಂಡಳಿಯಿಂದ ಹೊರಬಂದರು. ಅನೇಕ ಪೋಷಕರು ಹುಡುಗಿಯರನ್ನು ಕರೆದೊಯ್ದರು. ಈ ವಿವಾದದಲ್ಲಿ ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಮುಂದೆ ನಡೆದುದನ್ನು ಮಾತ್ರ ಹೇಳುತ್ತೇವೆ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಸುದ್ದಿ ಕೇಳಿದೊಡನೆ ಹಳೆಯ ಹಸಿವು ನೆನಪಾಗಿರಬೇಕು. ರಮಾಬಾಯಿ ತಾವೇ ಹೋಗಿ, ಸುಮಾರು 300 ಮಂದಿ ಹುಡುಗಿಯರನ್ನೂ ಹೆಂಗಸರನ್ನೂ ಬದುಕಿಸಿ ತಂದರು. ಪುಣೆಯಲ್ಲಿ ಪ್ಲೇಗು ಇದ್ದುದರಿಂದ ಕೆಡಗಾಂವದ ಹೊಲದಲ್ಲಿ ಅವರಿಗೆ ನೆಲೆಯಾಯಿತು. ಅದೇ ಮುಕ್ತಿಸದನ. ಹಸಿದು ಬಂದ ಮಗು ಸಾಧುವಾಗಿರುತ್ತದೆಂದು ತಿಳಿದವರು ಹಸಿವನ್ನು ಕಂಡವರಲ್ಲ. ತುತ್ತಿಗಾಗಿ ಕಿತ್ತಾಡಿ ಬದುಕುಳಿದ ಮಗುವಿಗೆ ಹಂಚಿ ಉಣ್ಣುವುದನ್ನು ಕಲಿಸುವುದು ಅಕ್ಷರ ಕಲಿಸುವುದಕ್ಕಿಂತ ಕಷ್ಟ. ರಮಾಬಾಯಿಯವರು ಅದನ್ನು ಕೇವಲ ಉಪದೇಶಕ್ಕೆ ಬಿಡಲಿಲ್ಲ. ಪ್ರಾರ್ಥನೆಯೊಡನೆ ದುಡಿಮೆಯೂ ಇತ್ತು: ಹೊಲ, ಮಗ್ಗ, ಅಡಿಗೆಮನೆ, ಅಚ್ಚುಕೂಟ. ದೊಡ್ಡ ಹುಡುಗಿಯರು ಚಿಕ್ಕವರ ಆರೈಕೆ ನೋಡಬೇಕು. ಕುರುಡರು ಬ್ರೈಲ್ ಲಿಪಿ ಕಲಿತರು. 1900ರ ಗುಜರಾತಿನ ಬರದಲ್ಲಿ ದಿಕ್ಕಿಲ್ಲದವರನ್ನು ಹುಡುಕಿ ತರಲು ಹೋದವರಲ್ಲಿ ಆಶ್ರಮದಲ್ಲಿಯೇ ಬೆಳೆದ ಹೆಂಗಸರಿದ್ದರು. ಆ ವೇಳೆಗೆ ಮುಕ್ತಿಸದನದ ಜನಸಂಖ್ಯೆ ಸುಮಾರು 2,000 ಮುಟ್ಟಿತ್ತು. ದಿನವೂ ಜಮಾಖರ್ಚು ಬರೆಯುವ ನಮ್ಮಂಥ ಬ್ಯಾಂಕಿನ ಗುಮಾಸ್ತರಿಗೆ, ಅಷ್ಟು ಎಲೆಗಳ ಊಟದ ಲೆಕ್ಕವನ್ನು ನೆನೆದರೇ ಎದೆ ಝಲ್ಲೆನ್ನುತ್ತದೆ.

ಮನೋರಮೆಯೂ ಇದೇ ಶಿಕ್ಷಣದಲ್ಲಿ ಬೆಳೆದವರು. 1912ರಲ್ಲಿ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆಯೊಂದನ್ನು ತೆರೆಯಲು ಅವರು ಮುಂದಾದರು. ತಾಯಿ ಹುಟ್ಟಿದ ನಾಡಿಗೆ ಮಗಳು ಸಲ್ಲಿಸಿದ ಋಣವೆಂದು ಕನ್ನಡಿಗರಾದ ನಾವು ಭಾವಿಸಿದರೆ ತಪ್ಪಾಗದು. ಆದರೆ ಮುಕ್ತಿಸದನದ ಭಾರ ಹೊರಬೇಕಾದ ಆ ಮಗಳು 1921ರಲ್ಲಿ, ನಲವತ್ತರ ಪ್ರಾಯದಲ್ಲಿ, ತಾಯಿಗಿಂತ ಮೊದಲೇ ಕಣ್ಮುಚ್ಚಿದರು. ರಮಾಬಾಯಿ ಎದೆಗುಂದದೆ ಮರಾಠಿ ಬೈಬಲ್ಲಿನ ಭಾಷಾಂತರವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ತೀರಿಕೊಂಡರು. ಹೊತ್ತವರಿಲ್ಲದೆ ಸಂಸ್ಥೆ ನಿಲ್ಲಲಿಲ್ಲ. ಕೆಡಗಾಂವದಲ್ಲಿ ಅದು ಇಂದಿಗೂ ಇದೆ.

ಮತ ಯಾವುದೇ ಇರಲಿ, ಮಕ್ಕಳಿಗೆ ದಯೆಯನ್ನು ಕಲಿಸುವ ಬಗೆ ಇದೊಂದೇ ಎಂದು ನಮಗೆ ತೋರುತ್ತದೆ. ಹಬ್ಬದ ದಿನ ಮಗುವಿನ ಕೈಗೆ ನಾಣ್ಯ ಕೊಟ್ಟು ದಾನ ಹಾಕಿಸುವುದು ಸುಲಭ. ತನ್ನ ಪಾಲಿನಲ್ಲಿ, ತನ್ನ ದುಡಿಮೆಯಲ್ಲಿ ಇನ್ನೊಬ್ಬರಿಗೂ ಭಾಗವುಂಟೆಂದು ಆ ಮಗು ದಿನದಿನವೂ ಕಲಿಯಬೇಕು. ಹೊರನಾಡಿನ ಕನ್ನಡಿಗರು ನಮ್ಮ ಮಕ್ಕಳಿಗೆ ನುಡಿಯನ್ನು ಕಲಿಸುತ್ತಿದ್ದೇವೆ. ಗಂಗಾಮೂಲದ ಈ ಮಗಳ ಬಾಳನ್ನೂ ಅದರೊಡನೆ ಹೇಳಿಕೊಡೋಣ.