ಜ್ವರದ ಜಾಡು ಹಿಡಿದು ಹೋದ ಡಾ. ವಿಲಿಯಂ ಕೋಲಿ

ಅಲ್ ಕೂಜ್‌ನ ಗ್ಯಾರೇಜು, ಗೋಡೌನು, ಫ್ಯಾಕ್ಟರಿಗಳಲ್ಲಿ ದುಡಿಯುವ ನಮಗೆ ಕ್ಯಾನ್ಸರ್ ಎಂಬ ಮಾತು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಊರಿಗೆ ಫೋನ್ ಮಾಡಿದಾಗ ಅಕ್ಕಪಕ್ಕದಲ್ಲಿ ಯಾರಿಗೋ ಬಂತಂತೆ ಅನ್ನೋ ಸುದ್ದಿ ಇದ್ದೇ ಇರುತ್ತದೆ. ಈಗೀಗ ಆಪರೇಷನ್, ಕೀಮೋ, ಕರೆಂಟ್ ಕೊಡೋದು ಇವುಗಳ ಜೊತೆಗೆ ಇಮ್ಯುನೊಥೆರಪಿ ಎಂಬ ಹೊಸ ಮಾತೂ ಕಿವಿಗೆ ಬೀಳುತ್ತಿದೆ. ನಮ್ಮದೇ ಮೈಯ ಬಿಳಿ ರಕ್ತಕಣಗಳನ್ನು ಗಡ್ಡೆಯ ಮೇಲೆ ಏಳಿಸುವ ಚಿಕಿತ್ಸೆ ಇದು. ಹೆಸರು ಹೊಸದಾದರೂ ಇದರ ಬೇರು ನೂರಮೂವತ್ತು ವರ್ಷಕ್ಕೂ ಹಿಂದಿನದು. ಆ ಕಥೆಯ ನಾಯಕ ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ. ಅವರಿಗೆ ದಾರಿ ತೋರಿಸಿದ ಇಬ್ಬರು ರೋಗಿಗಳು ನಮ್ಮ ಹಾಗೆಯೇ ಪರದೇಶಕ್ಕೆ ಬಂದವರು.

ಕೋಲಿ ಹುಟ್ಟಿದ್ದು 1862ರ ಜನವರಿಯಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ಯೇಲ್‌ನಲ್ಲಿ ಓದಿ, ಸ್ವಲ್ಪ ಕಾಲ ಮೇಷ್ಟ್ರಾಗಿದ್ದು, ಆಮೇಲೆ ಹಾರ್ವರ್ಡ್‌ನಲ್ಲಿ 1888ರಲ್ಲಿ ಡಾಕ್ಟರಾದರು. 1890ರಲ್ಲಿ ಅವರ ಬಳಿ ಹದಿನೇಳರ ಹುಡುಗಿ ಬೆಸ್ಸೀ ಡಶೀಲ್ ಬಂದಳು. ರೈಲಿನ ಸೀಟಿನ ನಡುವೆ ಸಿಕ್ಕಿ ಬಲಗೈಗೆ ಪೆಟ್ಟಾಗಿತ್ತು, ಊತ ಇಳಿದಿರಲಿಲ್ಲ. ಪರೀಕ್ಷೆ ಮಾಡಿದರೆ ಸಾರ್ಕೋಮಾ, ಅಂದರೆ ಎಲುಬು-ಮಾಂಸಗಳಲ್ಲಿ ಹುಟ್ಟುವ ಕ್ಯಾನ್ಸರ್. ಕೈ ಕತ್ತರಿಸಿದರೂ ರೋಗ ಮೈಯೆಲ್ಲ ಹರಡಿ, 1891ರ ಜನವರಿಯಲ್ಲಿ ಹುಡುಗಿ ತೀರಿಕೊಂಡಳು. ಡಾಕ್ಟರಾಗಿ ಮೂರು ವರ್ಷವೂ ತುಂಬದ ಕೋಲಿ ಈ ಸಾವಿನಿಂದ ಕಂಗೆಟ್ಟುಹೋದರು.

ಆದರೆ ಕೈಕಟ್ಟಿ ಕೂರಲಿಲ್ಲ. ನ್ಯೂಯಾರ್ಕ್ ಆಸ್ಪತ್ರೆಯ ಹಳೇ ಕಡತಗಳನ್ನೆಲ್ಲ ತೆಗೆದು, ಇಂಥ ರೋಗಿಗಳು ಏನಾದರು ಅಂತ ಒಂದೊಂದಾಗಿ ಓದಿದರು. ಅಲ್ಲಿ ಸಿಕ್ಕಿದ್ದು ಜರ್ಮನಿಯಿಂದ ವಲಸೆ ಬಂದಿದ್ದ ಸ್ಟೀನ್ ಎಂಬಾತನ ಕಡತ. ಕುತ್ತಿಗೆಯ ಗಡ್ಡೆಯನ್ನು ಮತ್ತೆ ಮತ್ತೆ ಕೊಯ್ದರೂ ಅದು ಮತ್ತೆ ಬೆಳೆದು, ಡಾಕ್ಟರುಗಳು ಕೈಚೆಲ್ಲಿದ್ದರು. ಆಗ ಆತನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿತು. ಮೈ ಕೆಂಪಾಗಿ ಊದಿ, ಚಳಿಜ್ವರ ಬಂದು, ಆ ಕಾಲದಲ್ಲಿ ಎಷ್ಟೋ ಜನರನ್ನು ಕೊಂದ ರೋಗ ಅದು. ಸ್ಟೀನ್ ಬದುಕಿಕೊಂಡ. ಜ್ವರ ಬಿಟ್ಟಾಗ ಗಡ್ಡೆಯೂ ಮಾಯವಾಗಿತ್ತು! ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು, ಕಡತ ಅಲ್ಲಿಗೆ ಮುಗಿದಿತ್ತು.

ಕೋಲಿ ಅಲ್ಲಿಗೆ ಬಿಡಲಿಲ್ಲ. ವಲಸೆ ಬಂದ ಬಡವರು ಒಂದೊಂದು ಕೋಣೆಯಲ್ಲಿ ಹತ್ತಾರು ಜನ ತುಂಬಿಕೊಂಡಿದ್ದ ಲೋವರ್ ಈಸ್ಟ್ ಸೈಡ್ ಓಣಿಗಳಲ್ಲಿ ಮನೆ ಮನೆ ಅಲೆದು ಆತನನ್ನು ಪತ್ತೆ ಹಚ್ಚಿದರು. ಏಳು ವರ್ಷ ಕಳೆದಿದ್ದರೂ ಸ್ಟೀನ್ ಗಟ್ಟಿಮುಟ್ಟಾಗಿದ್ದ, ಕುತ್ತಿಗೆ ಮೇಲೆ ಹಳೇ ಗಾಯದ ಗುರುತು ಮಾತ್ರ ಉಳಿದಿತ್ತು.

ತಾನಾಗಿ ಬಂದ ಜ್ವರ ಗಡ್ಡೆ ಕರಗಿಸುವುದಾದರೆ, ಬೇಕೆಂದೇ ಬರಿಸಿದ ಜ್ವರ ಯಾಕೆ ಕರಗಿಸಬಾರದು? ಜರ್ಮನಿಯ ಕೆಲವು ಡಾಕ್ಟರುಗಳು ಇದನ್ನು ಮೊದಲೇ ಪ್ರಯತ್ನಿಸಿದ್ದರು. ಕೋಲಿ 1891ರಲ್ಲಿ ಜೋಲಾ ಎಂಬ ಇಟಲಿಯ ವಲಸಿಗನಿಗೆ ಜೀವಂತ ರೋಗಾಣುಗಳನ್ನೇ ಚುಚ್ಚಿದರು. ಗಂಟಲಿನ ಗಡ್ಡೆಯಿಂದ ಆತನಿಗೆ ಊಟ ನುಂಗಲೂ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಚುಚ್ಚಿದ ಮೇಲೆ ಅಕ್ಟೋಬರಿನಲ್ಲಿ ಭಾರೀ ಜ್ವರ ಬಂತು, ಜೀವ ಹೋಗಿ ಬಂದ ಹಾಗಾಯಿತು. ಗಡ್ಡೆ ಕರಗಿತು. ಆಮೇಲೆ ಆತ ಎಂಟು ವರ್ಷ ಬದುಕಿದ.

ಆದರೆ ಎಲ್ಲರಿಗೂ ಹೀಗಾಗಲಿಲ್ಲ. ಬೇರೆ ಇಬ್ಬರು ರೋಗಿಗಳು ಆ ಸೋಂಕಿನಿಂದಲೇ ಸತ್ತರು. ಕೋಲಿ ದಾರಿ ಬದಲಿಸಿ, ಎರಡು ಬಗೆಯ ರೋಗಾಣುಗಳನ್ನು ಕೊಂದು ಬೆರೆಸಿ ಔಷಧಿ ಮಾಡಿದರು. ಇದೇ ಕೋಲಿಯವರ ಟಾಕ್ಸಿನ್. 1893ರಲ್ಲಿ ಇದನ್ನು ಪಡೆದ ಜಾನ್ ಫಿಕನ್ ಎಂಬ ಹುಡುಗನ ಹೊಟ್ಟೆಯ ದೊಡ್ಡ ಗಡ್ಡೆ ಕರಗಿತು. ಆತ ಇನ್ನೂ 26 ವರ್ಷ ಬದುಕಿ, ಕೊನೆಗೆ ಸತ್ತದ್ದು ಹೃದಯಾಘಾತದಿಂದ.

ಕೋಲಿಗೆ ವಿರೋಧಿಗಳೂ ಕಡಿಮೆಯಿರಲಿಲ್ಲ. ಅವರ ಔಷಧಿ ಒಂದೊಂದು ಸಲ ಒಂದೊಂದು ಹದದಲ್ಲಿರುತ್ತಿತ್ತು, ರೋಗಿಗಳ ಲೆಕ್ಕ ಅಚ್ಚುಕಟ್ಟಾಗಿರಲಿಲ್ಲ, ಅದು ಹೇಗೆ ಕೆಲಸ ಮಾಡುತ್ತದೆಂದು ಹೇಳಲೂ ಆಗುತ್ತಿರಲಿಲ್ಲ. ಅವರದೇ ಮೆಮೋರಿಯಲ್ ಆಸ್ಪತ್ರೆಯ ಜೇಮ್ಸ್ ಯೂಯಿಂಗ್, ರೇಡಿಯೇಶನ್ನೇ ಸರಿಯೆಂದು ಎದುರು ನಿಂತರು. 1936ರ ಏಪ್ರಿಲ್‌ನಲ್ಲಿ ಕೋಲಿ ತೀರಿಕೊಂಡಾಗ ಅವರ ಚಿಕಿತ್ಸೆ ಮೂಲೆ ಸೇರುತ್ತಿತ್ತು.

ಅದನ್ನು ಉಳಿಸಿದವರು ಮಗಳು ಹೆಲೆನ್. ವೈದ್ಯಕೀಯ ಓದದಿದ್ದರೂ ಅಪ್ಪನ ಕಾಗದಪತ್ರಗಳನ್ನೆಲ್ಲ ಕೂಡಿಸಿ, ರೋಗಿಗಳ ವಿವರ ಕಲೆಹಾಕಿ, 1953ರಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು. ಮೊದಲ ಹಣ ಕೊಟ್ಟದ್ದು ನೆಲ್ಸನ್ ರಾಕ್‌ಫೆಲರ್. ಅವರ ತಂದೆ ಬೆಸ್ಸೀ ಡಶೀಲ್‌ಳ ಆಪ್ತ ಸ್ನೇಹಿತರಾಗಿದ್ದವರು.

ಕೋಲಿಗೆ ಗೊತ್ತಾಗದೇ ಉಳಿದದ್ದು ಈಗ ಬಹಳಷ್ಟು ಗೊತ್ತಾಗಿದೆ. ಗಡ್ಡೆಯೊಳಗೆ ಬರೀ ಕ್ಯಾನ್ಸರ್ ಕಣಗಳಿರುವುದಿಲ್ಲ, ನಮ್ಮ ಕಾವಲು ಕಣಗಳೂ ಇರುತ್ತವೆ. ರೋಗಾಣು ನುಂಗುವ ಮ್ಯಾಕ್ರೋಫೇಜ್ ಕಣಗಳನ್ನು ಗಡ್ಡೆ ತನ್ನ ಕಡೆ ಮಾಡಿಕೊಳ್ಳುತ್ತದೆ. ಗೋಡೌನಿನ ವಾಚ್‌ಮನ್‌ನನ್ನೇ ಕಳ್ಳ ಒಳಗೆ ಹಾಕಿಕೊಂಡ ಹಾಗೆ. ಕೊಲ್ಲಬೇಕಾದ ಟಿ ಕಣಗಳಿಗೆ ಬ್ರೇಕ್ ಹಾಕಿ ಕೂರಿಸುತ್ತದೆ. ಆ ಬ್ರೇಕ್ ಬಿಡಿಸುವ ದಾರಿ ಕಂಡ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಿಕ್ಕಿತು. ಗಡ್ಡೆಯಿಂದಲೇ ಟಿ ಕಣಗಳನ್ನು ತೆಗೆದು, ಲ್ಯಾಬಿನಲ್ಲಿ ಕೋಟಿಗಟ್ಟಲೆ ಬೆಳೆಸಿ ರೋಗಿಗೇ ವಾಪಸ್ ಕೊಡುವ ಚಿಕಿತ್ಸೆಗೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ. ಮ್ಯಾಕ್ರೋಫೇಜ್‌ಗಳನ್ನು ಮತ್ತೆ ನಮ್ಮ ಕಡೆ ತಿರುಗಿಸುವ ಪ್ರಯತ್ನವೂ ನಡೆದಿದೆ. ನಮ್ಮ ತೋಳಿನ ಮೇಲೆ ಗುರುತಿರುವ ಬಿಸಿಜಿಯನ್ನೇ ಮೂತ್ರಕೋಶದ ಆರಂಭದ ಕ್ಯಾನ್ಸರಿಗೆ ಇವತ್ತಿಗೂ ಕೊಡುತ್ತಾರೆ. ಅದು ಕೋಲಿಯವರ ದಾರಿಯೇ.

ಹಾಗಂತ ಜ್ವರ ಬಂದರೆ ಕ್ಯಾನ್ಸರ್ ಹೋಗುತ್ತದೆಂದು ಯಾರೂ ತಿಳಿಯಬಾರದು. ಈ ಹೊಸ ಔಷಧಿಗಳೂ ಎಲ್ಲರಿಗೆ ಹಿಡಿಯುವುದಿಲ್ಲ, ಖರ್ಚೂ ಲಕ್ಷಗಟ್ಟಲೆ. ಬೇಗ ಪತ್ತೆಯಾದಷ್ಟೂ ಒಳ್ಳೆಯದು. ಇಳಿಯದ ಊತ, ಮಾಯದ ಹುಣ್ಣು, ಕಾರಣವಿಲ್ಲದೆ ಇಳಿಯುವ ತೂಕ ಇವನ್ನು ರಜೆಗೆ ಊರಿಗೆ ಹೋದಾಗ ತೋರಿಸೋಣ ಅಂತ ಮುಂದೆ ಹಾಕಬೇಡಿ. ದುಬೈಯಲ್ಲಿ 2013ರ ಕಾನೂನಿನ ಪ್ರಕಾರ ನಮ್ಮ ಆರೋಗ್ಯ ವಿಮೆ ಮಾಡಿಸುವುದು ಕಂಪನಿಯ ಹೊಣೆ. ಕಾರ್ಡು ಇದ್ದರೆ ಸಾಲದು, ಹೋಗಿ ತೋರಿಸಬೇಕು.

ಇನ್ನೊಂದು ಮಾತು. ಸ್ಟೀನ್ ಗುಣವಾದದ್ದು ಜಗತ್ತಿಗೆ ಗೊತ್ತಾದದ್ದು ಆತನ ಕಡತ ಉಳಿದಿದ್ದರಿಂದ. ನಮ್ಮ ರಿಪೋರ್ಟುಗಳೋ ಇಲ್ಲಿನ ಕ್ಲಿನಿಕ್‌ನಲ್ಲಿ ಒಂದು, ಊರಿನ ಆಸ್ಪತ್ರೆಯಲ್ಲಿ ಒಂದು, ಹಳೇ ರೂಮಿನ ಟ್ರಂಕಿನಲ್ಲಿ ಇನ್ನೊಂದು. ಎಲ್ಲದರ ಫೋಟೋ ತೆಗೆದು ಮೊಬೈಲಿನಲ್ಲಿಡಿ, ಒಂದು ಪ್ರತಿ ಮನೆಯವರಿಗೂ ಕಳಿಸಿ. ನಾಳೆ ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ ಇಲ್ಲಿಯಾಗಲಿ ಡಾಕ್ಟರು ಮೊದಲು ಕೇಳುವುದು ಆ ಹಳೇ ರಿಪೋರ್ಟನ್ನೇ.