ಲೋಕೋಪಕಾರಿ ಎಡ್ವರ್ಡ್ ಜೆನ್ನರ್

ಶಾಸ್ತ್ರಜ್ಞನು ಸತ್ಯವನ್ನು ಕಂಡ ಬಗೆಯನ್ನು ಚರಿತ್ರಕಾರರು ವಿವರವಾಗಿ ಬರೆಯುತ್ತಾರೆ. ಆ ಸತ್ಯವನ್ನು ಜನ ನಂಬಿದ ಬಗೆಯನ್ನು ಬರೆಯುವವರು ವಿರಳ. ಜೆನ್ನರನ ಬಾಳಿನಲ್ಲಿ ಈ ಎರಡನೆಯ ಕಥೆಯೇ ನನಗೆ ಹೆಚ್ಚು ಮನನೀಯವಾಗಿ ತೋರಿದೆ.

ಇಂಗ್ಲೆಂಡಿನ ಬರ್ಕ್ಲಿ ಎಂಬ ಹಳ್ಳಿಯೂರಿನಲ್ಲಿ, ಪಾದ್ರಿಯೊಬ್ಬರ ಮಗನಾಗಿ ಅವನು 1749ರಲ್ಲಿ ಹುಟ್ಟಿದನು. ಐದನೆಯ ವಯಸ್ಸಿಗೇ ತಬ್ಬಲಿಯಾದನು. ಬಾಲ್ಯದಲ್ಲಿ ಅವನಿಗೆ ಅಂದಿನ ಪದ್ಧತಿಯಂತೆ ಉಪವಾಸವಿರಿಸಿ, ರಕ್ತ ತೆಗೆದು, ಸಿಡುಬಿನ ಕೀವನ್ನೇ ಚರ್ಮಕ್ಕೆ ಸೇರಿಸಿದ್ದರು. ಆ ಚಿಕಿತ್ಸೆಯಿಂದ ಬಹಳ ಮಂದಿ ಉಳಿಯುತ್ತಿದ್ದರು. ಕೆಲವರು ಅದರಿಂದಲೇ ಸಾಯುತ್ತಿದ್ದರು. ಮುಂದೆ ಲಂಡನ್ನಿನಲ್ಲಿ ಜಾನ್ ಹಂಟರನ ಶಿಷ್ಯನಾಗಿ ಕಲಿತು, ಜೆನ್ನರನು ಹುಟ್ಟೂರಿಗೇ ಮರಳಿ ವೈದ್ಯವೃತ್ತಿಯನ್ನು ಹಿಡಿದನು.

ಹಸುವಿನ ಕೆಚ್ಚಲಿನಿಂದ ಗೋಸಿಡುಬು ತಗುಲಿದವರಿಗೆ ಸಿಡುಬು ಬಾರದೆಂಬುದು ಆ ಸೀಮೆಯ ಒಕ್ಕಲಿಗರ ನಂಬಿಕೆ. 1796ರ ಮೇ 14ರಂದು ಜೆನ್ನರನು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವವಳ ಕೈಹುಣ್ಣಿನ ರಸವನ್ನು ತೋಟಗಾರನ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿಗೆ ಸೇರಿಸಿದನು. ಜುಲೈ ತಿಂಗಳಲ್ಲಿ ಸಿಡುಬಿನ ಕೀವನ್ನೇ ಚುಚ್ಚಿದರೂ ಹುಡುಗನಿಗೆ ರೋಗ ಬರಲಿಲ್ಲ. ಮಗುವಿನ ಮೇಲೆ ಇಂಥ ಪರೀಕ್ಷೆಯನ್ನು ಇಂದಿನ ವೈದ್ಯಧರ್ಮ ಒಪ್ಪದು.

1798ರಲ್ಲಿ ಗ್ರಂಥ ಪ್ರಕಟವಾಯಿತು. ಒಡನೆಯೇ ವಿರೋಧವೂ ಎದ್ದಿತು. ಪಶುವಿನ ರಸ ಮನುಷ್ಯನಿಗೆ ಸಲ್ಲದೆಂದರು ಕೆಲವರು. ದೇವಿ ಹಾಕಿಸಿಕೊಂಡವರ ಮೈಯಿಂದ ಹಸುಗಳು ಮೊಳೆಯುವಂತೆ 1802ರಲ್ಲಿ ಗಿಲ್ರೇ ಎಂಬಾತ ವ್ಯಂಗ್ಯಚಿತ್ರ ಬರೆದನು. ರಕ್ಷಣೆ ಜೀವನಪರ್ಯಂತ ಉಳಿಯುವುದೆಂದು ಜೆನ್ನರನು ಸಾರಿದ್ದುದೂ ಪೂರ್ಣ ಸತ್ಯವಾಗಿರಲಿಲ್ಲ. ಮರಳಿ ಹಾಕಿಸಬೇಕೆಂದು ಮುಂದೆ ತಿಳಿಯಿತು. ಹೀಗಾಗಿ ಸಂಶಯಪಟ್ಟವರೆಲ್ಲರನ್ನೂ ಮೂಢರೆನ್ನಲಾಗದು.

ಆದರೂ ದೇಶದೇಶಗಳು ಅದನ್ನು ಸ್ವೀಕರಿಸಿದವು. 1802ರಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವಿಗೆ ಅದು ಫಲಿಸಿತು. 1803ರಲ್ಲಿ ಸ್ಪೇನ್ 22 ಅನಾಥ ಬಾಲಕರ ತೋಳಿನಿಂದ ತೋಳಿಗೆ ದಾಟಿಸುತ್ತ ರಸವನ್ನು ಅಮೆರಿಕಕ್ಕೆ ಕಳುಹಿಸಿತು. ಬವೇರಿಯ 1807ರಲ್ಲೇ ಕಡ್ಡಾಯಗೊಳಿಸಿತು. ಜೆನ್ನರನ ಸ್ವದೇಶ, ಅವನು 1823ರಲ್ಲಿ ತೀರಿಕೊಂಡ ಮೂವತ್ತು ವರ್ಷಗಳ ಬಳಿಕ, ಶಿಶುಗಳಿಗೆ ಅದನ್ನು ಕಡ್ಡಾಯ ಮಾಡಿತು. ದಂಡಕ್ಕೆ ರೋಸಿದ ಜನ 1885ರಲ್ಲಿ ಲೆಸ್ಟರ್ ನಗರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು; 1898ರ ಕಾಯಿದೆ ಮನಸ್ಸಾಕ್ಷಿಯಿಂದ ಒಲ್ಲದ ತಂದೆತಾಯಿಗಳಿಗೆ ವಿನಾಯಿತಿ ನೀಡಿತು.

ಜೆನ್ನರನು ತನ್ನ ತೋಟದ ಪುಟ್ಟ ಗುಡಿಸಲಿನಲ್ಲಿ ಬಡವರ ಮಕ್ಕಳಿಗೆ ಹಣವಿಲ್ಲದೆ ದೇವಿ ಹಾಕುತ್ತಿದ್ದನು. ತಾಯಂದಿರು ತಮ್ಮ ಪರಿಚಯದ ವೈದ್ಯನನ್ನು ನಂಬಿ ಅಲ್ಲಿಗೆ ಬರುತ್ತಿದ್ದರು. 1980ರಲ್ಲಿ ಸಿಡುಬು ಭೂಮಿಯಿಂದ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ವಿಜಯಕ್ಕೆ ಶಾಸ್ತ್ರದಷ್ಟೇ ಆ ನಂಬಿಕೆಯೂ ಕಾರಣವೆಂದು ನಾನು ತಿಳಿದಿದ್ದೇನೆ. ಇಂದಿಗೂ ಮಗುವಿನ ಲಸಿಕೆಗೆ ಅಂಜುವ ತಾಯಿಯ ಮುಂದೆ ವೈದ್ಯನು ಮೊದಲು ಗಳಿಸಬೇಕಾದುದು ಅದನ್ನೇ.