ಏಳು ತಂತಿಯ ಚೌಡಯ್ಯ

ಇಂಟರ್‌ವ್ಯೂಗೆಂದು ಬೆಂಗಳೂರಿಗೆ ಹೋದವರಲ್ಲಿ ಹಲವರು ಪಿಟೀಲಿನ ಆಕಾರದ ಆ ಕಟ್ಟಡವನ್ನು ನೋಡಿರುತ್ತೀರಿ. ಅದು 1980ರಲ್ಲಿ ಸಿದ್ಧವಾದ ಚೌಡಯ್ಯ ಸ್ಮಾರಕ ಭವನ. ಕಟ್ಟಡ ಗೊತ್ತು, ಆದರೆ ಚೌಡಯ್ಯ ಯಾರೆಂದು ನಮ್ಮ ವಯಸ್ಸಿನವರಲ್ಲಿ ಎಷ್ಟು ಮಂದಿಗೆ ಗೊತ್ತು? ಬಿ.ಇ. ಓದುತ್ತಿರುವ ನನಗೆ ಅವರು ಇಷ್ಟವಾಗುವುದು ಸಂಗೀತಗಾರರಾಗಿ ಮಾತ್ರವಲ್ಲ, ಒಂದು ಸಮಸ್ಯೆಗೆ ತಾವೇ ದಾರಿ ಹುಡುಕಿದವರಾಗಿಯೂ ಹೌದು.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ತಿರುಮಕೂಡಲು ನರಸೀಪುರದಲ್ಲಿ. 1910ರಲ್ಲಿ ಮೈಸೂರಿನ ಹೆಸರಾಂತ ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. 1918ರವರೆಗೆ ಎಂಟು ವರ್ಷ ಕಠಿಣ ಅಭ್ಯಾಸ. ನಮ್ಮ ಬಿ.ಇ.ಗಿಂತ ಸರಿಯಾಗಿ ಎರಡು ಪಟ್ಟು!

ಪಾಶ್ಚಾತ್ಯ ಆರ್ಕೆಸ್ಟ್ರಾದಲ್ಲಿ ಕೋಲು ಹಿಡಿದು ಎಲ್ಲರನ್ನೂ ನಡೆಸುವ ನಿರ್ದೇಶಕನಿರುತ್ತಾನೆ. ಕೆಲವೊಮ್ಮೆ ಪಿಟೀಲುವಾದಕನೇ ಆ ಕೆಲಸವನ್ನೂ ಮಾಡುತ್ತಾನೆ. ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಹಾಗಿಲ್ಲ. ಹಾಡುವವರು ನಡುವೆ, ಪಿಟೀಲು ಪಕ್ಕದಲ್ಲಿ. ಗಾಯಕರು ಹಾಡಿದ್ದನ್ನು ಆ ಕ್ಷಣದಲ್ಲೇ ಹಿಡಿದು ನುಡಿಸಬೇಕು, ತನ್ನ ಸರದಿ ಬಂದಾಗ ಮಾತ್ರ ಮುಂದೆ ಬರಬೇಕು. ಚೌಡಯ್ಯನವರು ಹೆಸರು ಮಾಡಿದ್ದು ಈ ಪಕ್ಕವಾದ್ಯದ ಜಾಗದಲ್ಲೇ.

ಅಲ್ಲಿ ಅವರಿಗೊಂದು ತೊಂದರೆ ಇತ್ತು. ಆಗ ಮೈಕ್ ಇರಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ನಮ್ಮ ಮೂಡಿಗೆರೆ ಕಡೆಯ ಗಣಪತಿ ಪೆಂಡಾಲಿನಲ್ಲಿ ನಿಂತವರಿಗೆ ಇದು ಅರ್ಥವಾಗುತ್ತದೆ. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಭಜನೆ ಮೂರನೇ ಸಾಲಿಗೂ ಕೇಳಿಸುವುದಿಲ್ಲ. ತುಂಬಿದ ಸಭೆಯಲ್ಲಿ ನಾಲ್ಕು ತಂತಿಯ ಪಿಟೀಲಿನ ಪಾಡೂ ಅದೇ. ಗಾಯಕರ ಎತ್ತರದ ದನಿ, ಮೃದಂಗದ ನಾದಗಳ ನಡುವೆ ಅದು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ.

1927ರಲ್ಲಿ ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸತೊಡಗಿದರು. ಕೇಳಲು ಸುಲಭ. ಆದರೆ ತಂತಿ ಹೆಚ್ಚಿದಂತೆ ವಾದ್ಯದ ಮೇಲಿನ ಎಳೆತ ಹೆಚ್ಚುತ್ತದೆ. ಜೊತೆ ತಂತಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ನಾದ ಕೆಡುತ್ತದೆ. ಬೆರಳು, ಕಮಾನು ಎರಡೂ ಹೊಸದಾಗಿ ಪಳಗಬೇಕು. ಅಷ್ಟು ವರ್ಷ ಕಲಿತು ಕೈ ಕುದುರಿದ ಮೇಲೂ ಅವರು ಈ ಕಷ್ಟಕ್ಕೆ ಕೈಹಾಕಿದರು.

ಮುಂದೆ ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಅವರಂಥ ದಿಗ್ಗಜರಿಗೆ ಪಕ್ಕವಾದ್ಯ ನುಡಿಸಿದರು. 1939ರಲ್ಲಿ ಮೈಸೂರು ಆಸ್ಥಾನ ವಿದ್ವಾಂಸರಾದರು. 'ತ್ರಿಮಕುಟ' ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಪಕ್ಕದಲ್ಲಿ ಕುಳಿತವರಿಗೆ ಅಷ್ಟು ದೊಡ್ಡ ಗೌರವ! 1967ರ ಜನವರಿ 19ರಂದು ತೀರಿಕೊಂಡರು.

ಮೈಕ್ ಬಂದಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಇಂದಿನ ಹೆಚ್ಚಿನ ಕಲಾವಿದರು ನುಡಿಸುವುದು ನಾಲ್ಕು ತಂತಿಯನ್ನೇ. ಹಾಗಾದರೆ ಚೌಡಯ್ಯನವರ ಶ್ರಮ ದಂಡವಾಯಿತೇ? ಈಗ ಕಲಿಯುತ್ತಿರುವುದು ಕೆಲಸ ಸಿಗುವಷ್ಟರಲ್ಲಿ ಹಳತಾಗುತ್ತದೇನೋ ಎಂಬ ಭಯ ನನ್ನ ಕ್ಲಾಸಿನಲ್ಲಿ ಎಲ್ಲರಿಗೂ ಇದೆ. ನಮಗೆ ಸಿಗುವ ಮೊದಲ ಕೆಲಸವೂ ಹೆಚ್ಚಾಗಿ ಯಾರದೋ ಪಕ್ಕದಲ್ಲಿ ಕುಳಿತು ಮಾಡುವಂಥದ್ದೇ. ಮೈಕ್ ಬರಲಿ ಎಂದು ಚೌಡಯ್ಯನವರು ಕಾಯಲಿಲ್ಲ. ಅಂದು ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಪಿಟೀಲು ಅಂದೇ ಕೇಳಿಸಿತು.